ಶುಗರ್ ಮಾತ್ರೆ

"ತೊಂಬತ್ತೆರಡು," ಎಂದು ನರ್ಸ್ ಬೆರಳು ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿದಳು. ಕೈಯಲ್ಲಿದ್ದ ಪುಟ್ಟ ಮೆಷಿನ್ನನ್ನು ಇನ್ನೊಮ್ಮೆ ನೋಡಿದಳು. "ರಾತ್ರಿ ತೊಂಬತ್ತೆಂಟಿತ್ತು. ಇವ್ರಿಗೆ ಶುಗರ್ ಇದೆ ಅಂತ ಬರ್ಸಿದ್ಯಾರು?"

"ನಾನೇ ಸಿಸ್ಟರ್," ಎಂದ ಸಿದ್ಧಾರ್ಥ್. "ಹನ್ನೊಂದು ವರ್ಷದಿಂದ ಇದೆ. ಮಾತ್ರೆ ತಗೋತಾರೆ."

"ಹನ್ನೊಂದು ವರ್ಷದ ಶುಗರ್ ಹಿಂಗಿರುತ್ತಾ? ನನಗೇ ಇಷ್ಟು ಚೆನ್ನಾಗಿಲ್ಲ."

"ನಮ್ಮನೆಯವ್ಳ ಕಾವಲು ಹಂಗಿದೆ. ದಿನಾ ಬೆಳಿಗ್ಗೆ ಹಾಗಲಕಾಯಿ ರಸ. ಒಂದು ದಿನ ತಪ್ಸಲ್ಲ." ರಾತ್ರಿಯಿಡೀ ಕುರ್ಚಿಯಲ್ಲೇ ಕೂತಿದ್ದವನ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು.

ಮಂಚದ ಮೇಲಿದ್ದ ಅನಸೂಯಮ್ಮ ನಗಲಿಲ್ಲ. ಹಿಂದಿನ ಸಂಜೆ ಗೌರಿಬಿದನೂರಿನ ಮನೆಯ ಹಿಂದೆ, ಸಂಪಿನ ಪಕ್ಕ ಜಾರಿ ಬಿದ್ದಿದ್ದಳು. ಬಲತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಮಗ ಹಿಂದೆ ಮುಂದೆ ನೋಡದೆ ಕಾರು ಮಾಡಿಸಿ ಚಿಕ್ಕಬಳ್ಳಾಪುರದ ಈ ಖಾಸಗಿ ಆಸ್ಪತ್ರೆಗೆ ತಂದು ಸೇರಿಸಿದ್ದ. ಈಗ ಕಾಲಿಗೆ ತೂಕ ಕಟ್ಟಿ ಮಂಚದ ತುದಿಯಿಂದ ಇಳಿಬಿಟ್ಟಿದ್ದರು. ಅಲ್ಲಾಡುವ ಹಾಗಿರಲಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು. ಭಯಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಡಾಕ್ಟರ್ ಮುರಳಿಮೋಹನ್ ಎಂಟೂವರೆಗೆ ಬಂದರು. ಕಾಲು ನೋಡಿದರು, ಫೈಲು ನೋಡಿದರು, ಶುಗರಿನ ಅಂಕಿಗಳ ಮೇಲೆ ಅವರ ಪೆನ್ನು ನಿಂತಿತು.

"ಯಾವ ಮಾತ್ರೆನಮ್ಮ ನೀವು ತಗೊಳ್ಳೋದು?"

"ಬಿಳೀದು," ಎಂದಳು ಅನಸೂಯಮ್ಮ.

"ಬಿಳೀದು ಸಾವಿರ ಥರ ಇದೆ. ಹೆಸರೇನು?"

"ಹೆಸರು ಗೊತ್ತಿಲ್ಲ ಸಾರ್. ದಿನಾ ಒಂದು."

"ಮಧ್ಯಾಹ್ನ ಎರಡಕ್ಕೆ ಆಪರೇಷನ್ ಇಟ್ಕೊಂಡಿದ್ದೀನಿ. ಅನಸ್ತೇಶಿಯಾ ಡಾಕ್ಟ್ರು ಕೇಳೇ ಕೇಳ್ತಾರೆ. ಮನೆಯಿಂದ ಆ ಮಾತ್ರೆ ತರಿಸ್ಕೊಳ್ಳಿ," ಎಂದು ಸಿದ್ಧಾರ್ಥನಿಗೆ ಹೇಳಿ, ನರ್ಸಿನ ಕಡೆ ತಿರುಗಿದರು. "ಬ್ಲಡ್ ಎಲ್ಲಾ ಲ್ಯಾಬಿಗೆ ಹೋಯ್ತಾ?"

"ಹೋಯ್ತು ಸಾರ್. ಹನ್ನೊಂದರ ಒಳಗೆ ರಿಪೋರ್ಟ್ ಬರುತ್ತೆ."

ಸಿದ್ಧಾರ್ಥ್ ಆಗಲೇ ಫೋನಿನಲ್ಲಿದ್ದ. "ತನುಜಾ, ಫ್ರಿಜ್ಜಿನ ಮೇಲೆ ಅಮ್ಮನ ಶುಗರ್ ಮಾತ್ರೆ ಡಬ್ಬ ಇದೆಯಲ್ಲ, ಅದನ್ನ ತಗೊಂಡು ಒಂಬತ್ತೂವರೆ ಬಸ್ಸಿಗೆ ಬಾ. ಹರಿಣೀನ ಪಕ್ಕದ ಮನೇಲಿ ಬಿಡು."

ಬಸ್ಸು ಮಂಚೇನಹಳ್ಳಿ ಮೇಲೆ ಬರಬೇಕು. ಅದೂ ಹನ್ನೊಂದೇ ಆಗುತ್ತದೆ. ಯಾವುದು ಮೊದಲು ಬರುತ್ತದೆ, ರಕ್ತದ ರಿಪೋರ್ಟೋ, ಸೊಸೆಯೋ? ಅನಸೂಯಮ್ಮ ಎದುರು ಗೋಡೆಯ ಗಡಿಯಾರ ನೋಡಿದಳು. ಯಾವುದು ಮೊದಲು ಬಂದರೂ ಅಷ್ಟೇ.

*

ಆ ಶುಗರ್ ಅವಳಿಗೆ ಬಂದದ್ದು ಒಂದು ಬಸ್ಸಿನಲ್ಲಿ. ಗಂಡ ಮುನಿಶಾಮಿ ಟಿಬಿಯಿಂದ ಹೋಗಿ ಎರಡು ತಿಂಗಳಾಗಿತ್ತು. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯವರು ಅವಳ ರಕ್ತವನ್ನೂ ನೋಡಿ, ಎಚ್‌ಐವಿ ಇದೆ ಎಂದು ಮೆಲ್ಲಗೆ ಹೇಳಿ, ಅದರ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹೆಸರು ಬರೆದುಕೊಂಡು, ಮೊದಲ ಡಬ್ಬ ಕೈಗೆ ಕೊಟ್ಟಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವಳು ಪರಿಚಯದವಳು. ಚೀಲದೊಳಗೆ ಮಾತ್ರೆ ಗಲಗಲ ಅಂದಿತು. "ಏನಕ್ಕಾ ಅದು?" ಅಂದಳು. "ಶುಗರ್," ಎಂದುಬಿಟ್ಟಳು ಅನಸೂಯಮ್ಮ.

ಅದಕ್ಕಿಂತ ಒಳ್ಳೆಯ ಸುಳ್ಳು ಸಿಗುತ್ತಿರಲಿಲ್ಲ. ಶುಗರ್ ಮರ್ಯಾದಸ್ಥರ ಕಾಯಿಲೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, ಗಟ್ಟಿಯಾಗಿ ಹೇಳಿಕೊಳ್ಳಬಹುದಾದ ಕಾಯಿಲೆ. ಪ್ರತಿ ಸಲ ಹೊಸ ಡಬ್ಬ ತಂದಾಗ ಅದರ ಚೀಟಿಯನ್ನು ಉಗುರಿನಿಂದ ಕೆರೆದು, ಮಾತ್ರೆಗಳನ್ನು ಮನೆಯ ಹಳೇ ಡಬ್ಬಕ್ಕೆ ಸುರಿದು, ಸದ್ದಾಗದಂತೆ ಮೇಲೆ ಹತ್ತಿ ತುರುಕುತ್ತಿದ್ದಳು. ಆಮೇಲೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಫ್ರಿಜ್ಜಿನ ಮೇಲಿಡುತ್ತಿದ್ದಳು. ಬಚ್ಚಿಟ್ಟದ್ದನ್ನು ಜನ ಹುಡುಕುತ್ತಾರೆ.

ಸುಳ್ಳಿಗೆ ಬಾಡಿಗೆ ಕಟ್ಟಬೇಕಾಯಿತು. ಸಿಹಿ ಬಿಟ್ಟಳು. ಮಗನ ಮದುವೆಯಲ್ಲಿ ಒಬ್ಬಟ್ಟು ಮುಟ್ಟಲಿಲ್ಲ. ಹಾಗೂ ಹೀಗೂ ನಡೆಯುತ್ತಿತ್ತು. ಆದರೆ ಬಂದ ಸೊಸೆ ತನುಜಾಳ ಅಪ್ಪ ಅದೇ ಶುಗರಿನಲ್ಲಿ ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೂ ಕಳೆದುಕೊಂಡು ಸತ್ತಿದ್ದ. ಮದುವೆಯಾದ ಎಂಟನೇ ದಿನಕ್ಕೆ ತನುಜಾ ಅಡುಗೆಮನೆಯ ಸಕ್ಕರೆ ಡಬ್ಬವನ್ನು ಮೇಲಿನ ಗೂಡಿಗೆ ಏರಿಸಿದಳು. "ಅಪ್ಪನ್ನ ನೋಡ್ಕೊಳ್ಳಕ್ಕಾಗ್ಲಿಲ್ಲ ಅತ್ತೆ. ನಿಮ್ಮನ್ನ ಬಿಡಲ್ಲ ನಾನು," ಅಂದಳು. ಅಂದಿನಿಂದ ಆರು ವರ್ಷ, ಬೆಳಿಗ್ಗೆ ಆರಕ್ಕೆ ಒಂದು ಲೋಟ ಹಾಗಲಕಾಯಿ ರಸ. ಅನಸೂಯಮ್ಮ ಮೂಗು ಹಿಡಿದು ಕುಡಿಯುತ್ತಿದ್ದಳು. ಎದುರು ನಿಂತ ತನುಜಾ ಲೋಟ ಖಾಲಿಯಾಗುವವರೆಗೆ ಕದಲುತ್ತಿರಲಿಲ್ಲ.

ಆಮೇಲೆ ಹರಿಣಿ ಹುಟ್ಟಿದಳು. ಈಗ ನಾಲ್ಕು ವರ್ಷ. ಅಜ್ಜಿ ಮುರಿದುಕೊಟ್ಟ ಮುದ್ದೆ ಬಿಟ್ಟು ಬೇರೆಯವರ ಕೈತುತ್ತು ನುಂಗದ ಹುಡುಗಿ. ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಾಳೆ. ಅನಸೂಯಮ್ಮನಿಗೆ ಸಾಯುವ ಭಯ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಇದ್ದದ್ದು ಒಂದೇ. ಆ ಮುಷ್ಟಿಯನ್ನು ಯಾರಾದರೂ ಬಿಡಿಸಿಬಿಟ್ಟರೆ?

*

"ಸಿದ್ಧೂ, ನನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ ಹೋಗಪ್ಪ," ಎಂದಳು.

"ಯಾಕೆ? ಇಲ್ಲೇನಾಗಿದೆ?"

"ಅಲ್ಲಿ ನನ್ನ ಡಾಕ್ಟ್ರಿದ್ದಾರೆ."

"ಶುಗರ್ ಡಾಕ್ಟ್ರು ಮೂಳೆ ಕೂರಿಸ್ತಾರಾ? ದುಡ್ಡಿನ ಯೋಚ್ನೆ ಬಿಡಮ್ಮ. ನನ್ನ ಹೆಲ್ತ್ ಕಾರ್ಡಲ್ಲಿ ಆಗುತ್ತೆ. ಅಪ್ಪನ್ನ ಆ ವರಾಂಡದಲ್ಲಿ ಮಲಗ್ಸಿದ್ದು ಸಾಕು. ಆಗ ನನ್ನ ಕೈಲಿ ಏನೂ ಇರ್ಲಿಲ್ಲ." ರೇಷ್ಮೆ ಇಲಾಖೆಯಲ್ಲಿ ಗುಮಾಸ್ತನಾಗಿ ನಾಲ್ಕು ವರ್ಷದಿಂದ ಅವನಿಗೆ ಸಂಬಳ ಬರುತ್ತಿತ್ತು. ಆ ಕಾರ್ಡನ್ನು ಅವನು ಜೇಬಿನಿಂದ ತೆಗೆದು ತೋರಿಸಿ, ಮತ್ತೆ ಜೇಬಿಗೆ ಇಟ್ಟುಕೊಂಡು, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ತೆಲುಗು ಬೆರೆಸಿ ಮಾತಾಡುವ ಮಂಡಿಕಲ್ಲಿನ ವೆಂಕಟರತ್ನಮ್ಮ ಎಂಬ ಮುದುಕಿ, ಮುರಿದ ಮುಂಗೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು. ಬೆಳಗಿನಿಂದ ಮೂವರಿಗೆ ಫೋನು ಮಾಡಿ, ಹಸು ನೂಕಿ ತಾನು ಬಿದ್ದ ಕಥೆ ಹೇಳಿದ್ದಳು. ಕಥೆಯಲ್ಲಿ ಹಸು ಪ್ರತಿ ಸಲವೂ ದೊಡ್ಡದಾಗುತ್ತಿತ್ತು.

"ಅಮ್ಮಾ, ನಿಮ್ಮ ಫೋನ್ ಒಂದ್ನಿಮಿಷ ಕೊಡ್ತೀರಾ?"

"ಅಯ್ಯೋ ತಗೋಮ್ಮ! ಮಗನ್ನ ಹೆದರ್ಸಿ ಕಳ್ಸ್‌ಬಿಟ್ಟೆ ಅಂತೀನಿ. ಸರ್ಕಾರಿ ಆಸ್ಪತ್ರೆ ಅಂತೆ! ಇಂಥಾ ಬಂಗಾರದಂಥ ಕೊಡುಕು ಎಲ್ಲರಿಗೂ ಸಿಗ್ತಾನಾ?" ಎನ್ನುತ್ತ ಮುದುಕಿ ಎಡಗೈ ಚಾಚಿ ಫೋನು ಕೊಟ್ಟಳು.

ನರೇಂದ್ರನ ನಂಬರು ಅವಳಿಗೆ ಬಾಯಿಪಾಠ. ಎಆರ್‌ಟಿ ಕೇಂದ್ರದಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಹುಡುಗ.

"ಇನ್ನೂರ ಹದಿನಾರು ಮಾತಾಡ್ತಿರೋದು," ಎಂದಳು. ಹೆಸರು ಹೇಳುವ ಅಭ್ಯಾಸ ಅಲ್ಲಿರಲಿಲ್ಲ.

"ಹೇಳಿ ಅನಸೂಯಮ್ಮ."

ಆದದ್ದನ್ನು ಅರ್ಧ ಹೇಳಿದಳು. ಉಳಿದರ್ಧವನ್ನು ಅವನೇ ತುಂಬಿಕೊಂಡ. "ಡಾಕ್ಟ್ರಿಗೆ ನೀವೇ ಹೇಳ್ಬಿಡಿ. ಆಗಲ್ಲ ಅನ್ನೋ ಹಂಗಿಲ್ಲ ಅವ್ರು. ಕಾನೂನಿದೆ. ತೊಂದ್ರೆ ಕೊಟ್ರೆ ಇಲ್ಲಿಗೆ ಬನ್ನಿ, ಇಲ್ಲೂ ಮೂಳೆ ಡಾಕ್ಟ್ರಿದ್ದಾರೆ, ನಾನು ಮಾತಾಡಿಟ್ಟಿರ್ತೀನಿ. ಅದಿರ್ಲಿ, ರಾತ್ರಿ ಮಾತ್ರೆ?"

"ಇಲ್ಲ."

"ಹನ್ನೊಂದು ವರ್ಷಕ್ಕೆ ಇದೇ ಮೊದಲಲ್ವಾ? ಪರವಾಗಿಲ್ಲ. ಸಿಕ್ಕ ತಕ್ಷಣ ತಗೊಳ್ಳಿ. ಮನೇಲಿ ಇನ್ನೂ ಹೇಳಿಲ್ಲ?"

ವೆಂಕಟರತ್ನಮ್ಮ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. "ಆಮೇಲೆ ಮಾಡ್ತೀನಪ್ಪ," ಎಂದು ಅನಸೂಯಮ್ಮ ಫೋನು ವಾಪಸ್ ಕೊಟ್ಟಳು.

"ಯಾರಮ್ಮ?"

"ನಮ್ಮ ಕಡೆ ಹುಡುಗ."

"ಅದೇನಮ್ಮ ಇನ್ನೂರ ಹದಿನಾರು? ಚೀಟಿ ನಂಬರಾ? ನಮ್ಮೂರಲ್ಲೂ ಒಬ್ಬ ಚೀಟಿ ನಡೆಸಿ ಓಡಿಹೋದ, ಹುಷಾರು!" ಎಂದು ಮುದುಕಿ ಎರಡು ತೊಳೆ ಕಿತ್ತಳೆ ಚಾಚಿ, ಆಪರೇಷನ್ ನೆನಪಾಗಿ ತಾನೇ ಬಾಯಿಗೆ ಹಾಕಿಕೊಂಡಳು.

*

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ನರ್ಸ್ ಮತ್ತೆ ಬಂದಳು. ಬೆಳಿಗ್ಗೆ ಬರಿಗೈಲಿ ಬೆರಳು ಹಿಡಿದಿದ್ದವಳು ಈಗ ಎರಡು ಜೊತೆ ಗ್ಲೌಸ್ ಹಾಕಿದ್ದಳು, ಒಂದರ ಮೇಲೊಂದು. ಡ್ರಿಪ್ ನಳಿಗೆಯನ್ನು ತುದಿಬೆರಳಲ್ಲಿ ಸರಿಮಾಡಿದಳು. ಮಂಚದ ತಲೆಯ ಕಡೆ ಒಂದು ಕೆಂಪು ಚೀಟಿ ಅಂಟಿಸಿದಳು. ಅನಸೂಯಮ್ಮನ ಮುಖ ನೋಡಲಿಲ್ಲ.

"ಏಮಿ ಅದಿ?" ಎಂದಳು ವೆಂಕಟರತ್ನಮ್ಮ. "ಏನು ಚೀಟಿ ಸಿಸ್ಟರ್ ಅದು? ನನಗ್ಯಾಕೆ ಹಾಕ್ಲಿಲ್ಲ?"

"ನಿಮಗೆ ಬೇಡ ಅಜ್ಜಿ. ನಿಮಗೆ ಬೇರೆ ರೂಮ್ ಕೊಡ್ತೀವಿ, ಸ್ವಲ್ಪ ಇರಿ."

ಬಾಗಿಲಿನ ಗಾಜಿನಾಚೆ ಡಾಕ್ಟರ್ ಮುರಳಿಮೋಹನ್ ಸಿದ್ಧಾರ್ಥನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ಸಿದ್ಧಾರ್ಥ್ ಮೊದಲು ತಲೆಯಾಡಿಸಿದ. ಆಮೇಲೆ ಆಡಿಸುವುದನ್ನು ನಿಲ್ಲಿಸಿದ. ಡಾಕ್ಟರು ಹೋದ ಮೇಲೂ ಅವನ ಹೆಗಲು ಹಾಗೇ ಬಾಗಿತ್ತು.

ಒಳಗೆ ಬಂದವನು ಮಂಚದ ಕಾಲ ಕಡೆ ನಿಂತ. ಕಂಬಿ ಹಿಡಿಯಲು ಹೋದ ಕೈಯನ್ನು ಹಿಂದೆ ತೆಗೆದುಕೊಂಡು ಜೇಬಿಗೆ ಹಾಕಿದ.

"ಆಪರೇಷನ್ ಥಿಯೇಟರನ್ನ ಒಂದಿನ ಬಂದ್ ಮಾಡ್ಬೇಕಂತೆ," ಎಂದ, ಯಾರೋ ಬರೆದುಕೊಟ್ಟದ್ದನ್ನು ಓದುವವನಂತೆ. "ಎಲ್ಲರಿಗೂ ಬೇರೆ ಗೌನು, ಬೇರೆ ಕಿಟ್ಟು. ಅದೆಲ್ಲ ಕಾರ್ಡಲ್ಲಿ ಬರಲ್ವಂತೆ. ಮೇಲೆ ಒಂದೂವರೆ ಲಕ್ಷ ಕಟ್ಟಿ, ಇಲ್ಲಾಂದ್ರೆ ಬೆಂಗಳೂರಿಗೆ ಕರ್ಕೊಂಡ್ ಹೋಗಿ ಅಂತಾರೆ."

ಅವಳು ಜೇಬಿನೊಳಗಿದ್ದ ಅವನ ಕೈಯನ್ನು ನೋಡಿದಳು.

"ಅಪ್ಪನಿಗೂ ಅದೇನಾ?"

"ಹ್ಞೂ."

"ಟಿಬಿ ಅಂದಿದ್ದೆ."

"ಟಿಬೀನೂ ಇತ್ತು ಕಣಪ್ಪ."

ಸಿದ್ಧಾರ್ಥ್ ಕಿಟಕಿಯ ಕಡೆ ತಿರುಗಿದ. ಹೆದ್ದಾರಿಯಲ್ಲಿ ತರಕಾರಿ ತುಂಬಿದ ಟೆಂಪೋಗಳು ಬೆಂಗಳೂರಿನ ಕಡೆ ಓಡುತ್ತಿದ್ದವು. ಪಕ್ಕದ ಮಂಚದಲ್ಲಿ ವೆಂಕಟರತ್ನಮ್ಮ ಕೆಂಪು ಚೀಟಿಯನ್ನೇ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ ತನ್ನ ಫೋನು ಎತ್ತಿಕೊಂಡು ಸೆರಗಿನ ತುದಿಯಿಂದ ಒರೆಸತೊಡಗಿದಳು. ಒಂದು ಕಡೆ ಒರೆಸಿದಳು, ತಿರುಗಿಸಿ ಇನ್ನೊಂದು ಕಡೆ ಒರೆಸಿದಳು.

"ತನುಜಂಗೆ ಏನಂತ ಹೇಳ್ಲಿ ನಾನು?" ಎಂದ ಸಿದ್ಧಾರ್ಥ್, ಕಿಟಕಿಗೆ.

"ನೀನೇನೂ ಹೇಳ್ಬೇಡ."

*

ತನುಜಾ ಬಂದದ್ದು ಹನ್ನೊಂದೂ ಕಾಲಿಗೆ. ಒಂದು ಹೆಗಲಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಫ್ಲಾಸ್ಕು, ಬಾಗಿಲಲ್ಲೇ ಮಾತು.

"ಏನತ್ತೆ, ನಾನು ಬಟ್ಟೆ ಒಣಗ್ಹಾಕಿ ಬರೋದ್ರೊಳಗೆ ಸಂಪಿನ ಹತ್ರ ಡ್ಯಾನ್ಸ್ ಮಾಡಕ್ಕೆ ಹೋದ್ರಾ? ನಿಮ್ಮ ಮೊಮ್ಮಗಳು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ. ಅಜ್ಜಿ ಕೈಯೇ ಬೇಕಂತೆ. ಆ ಕೈ ಕಿತ್ಕೊಂಡ್ ಬರ್ಲೇನೇ ಅಂದೆ. ತಗೊಂಡ್ ಬಾ ಅಂತಾಳೆ!" ಯಾರೂ ನಗದಿದ್ದದ್ದು ಅವಳಿಗೆ ತಟ್ಟಲು ಸ್ವಲ್ಪ ಹೊತ್ತು ಬೇಕಾಯಿತು. "ಏನಾಯ್ತು? ಶುಗರ್ ಜಾಸ್ತಿಯಾಯ್ತಾ? ರೀ, ಹೇಳ್ರೀ."

ಚೀಲದಿಂದ ಬಿಳಿ ಡಬ್ಬ ತೆಗೆದು ಅತ್ತಿತ್ತ ನೋಡಿದಳು. "ತಗೊಳ್ಳಿ, ಮಾತ್ರೆ. ಯಾರಿಗೆ ಕೊಡ್ಬೇಕು?"

"ನನಗೆ ಕೊಡಮ್ಮ," ಎಂದಳು ಅನಸೂಯಮ್ಮ.

ಮುಚ್ಚಳ ತಿರುಗಿಸಿದಳು. ಹತ್ತಿ ತೆಗೆದು ಎದೆಯ ಮೇಲಿಟ್ಟುಕೊಂಡಳು. ಉದ್ದನೆಯ ಬಿಳಿ ಮಾತ್ರೆಯೊಂದನ್ನು ಅಂಗೈಗೆ ಹಾಕಿಕೊಂಡಳು. ಹನ್ನೊಂದು ವರ್ಷ ಟೀವಿಯ ಬೆಳಕಿನಲ್ಲಿ, ಬೆನ್ನು ತಿರುಗಿಸಿ ನುಂಗಿದ್ದನ್ನು ಈಗ ಮೂವರು ನೋಡುತ್ತಿರುವಾಗಲೇ ಬಾಯಿಗೆ ಹಾಕಿಕೊಂಡಳು.

"ಅತ್ತೆ! ಆಪರೇಷನ್ ಇದೆ, ಏನೂ ತಗೋಬಾರ್ದು!"

"ಇಲ್ಲಿ ಆಪರೇಷನ್ ಇಲ್ಲ. ನೀರು ಕೊಡು." ಕುಡಿದು ಬಾಟಲಿ ಕೆಳಗಿಟ್ಟಳು. "ಇದು ಶುಗರ್ ಮಾತ್ರೆ ಅಲ್ಲ ತನುಜಾ. ನನಗೆ ಶುಗರ್ ಇಲ್ಲ. ಯಾವತ್ತೂ ಇರ್ಲಿಲ್ಲ. ನಿಮ್ಮ ಮಾವ ಹೋದಾಗ್ಲಿಂದ ನನಗೆ ಎಚ್‌ಐವಿ ಇದೆ. ಇದು ಅದರ ಮಾತ್ರೆ."

ಬಾಯಿಂದ ಹೊರಗೆ ಬಂದ ಮೇಲೆ ಅದು ಮೂರೇ ಅಕ್ಷರವಾಗಿತ್ತು.

ತನುಜಾ ಗಂಡನನ್ನು ನೋಡಿದಳು. ಕೆಂಪು ಚೀಟಿ ನೋಡಿದಳು. ಅನಸೂಯಮ್ಮ ಬೇರೆ ಯಾವುದಕ್ಕಾದರೂ ಸಿದ್ಧಳಾಗಿದ್ದಳು, ಬೈಗುಳಕ್ಕೆ, ಅಳುವಿಗೆ. ಹರಿಣಿಯ ಹೆಸರಿಗೂ ಕೂಡ.

"ಆರು ವರ್ಷ ಹಾಗಲಕಾಯಿ ರಸ ಕುಡಿದ್ರಲ್ಲ ನೀವು," ಎಂದಳು ತನುಜಾ.

ದನಿ ಏರಿರಲಿಲ್ಲ. "ನಾನು ಎದುರಿಗೆ ನಿಂತಿರ್ತಿದ್ದೆ. ನಮ್ಮಪ್ಪನ ಕಾಲು ನೆನೆಸ್ಕೊಂಡು ನಿಂತಿರ್ತಿದ್ದೆ. ನೀವು ನನ್ನ ಮುಖ ನೋಡ್ಕೊಂಡು ಕುಡೀತಿದ್ರಿ."

"ತನುಜಾ..."

"ಬೇಡ ಅತ್ತೆ. ಏನೂ ಹೇಳ್ಬೇಡಿ."

ಫ್ಲಾಸ್ಕನ್ನು ಕುರ್ಚಿಯ ಮೇಲಿಟ್ಟು ಹೊರಟೇಹೋದಳು. ಸಿದ್ಧಾರ್ಥ್ ಹಿಂದೆಯೇ ಓಡಿದ.

ಕೋಣೆಯಲ್ಲಿ ಉಳಿದದ್ದು ಗಡಿಯಾರ ಮತ್ತು ಮುದುಕಿ. ಹನ್ನೊಂದೂವರೆ. ಹನ್ನೆರಡು. ಹನ್ನೆರಡೂ ಹತ್ತಕ್ಕೆ ಗೌರಿಬಿದನೂರಿಗೆ ಬಸ್ಸಿದೆ. ಅವಳಿಗೆ ಎಲ್ಲ ಬಸ್ಸುಗಳೂ ಗೊತ್ತು. ಒಂದೂ ಮುಕ್ಕಾಲಿನ ಹೊತ್ತಿಗೆ ತನುಜಾ ಮನೆ ಸೇರುತ್ತಾಳೆ. ಮಗುವನ್ನು ಕರೆತರುತ್ತಾಳೆ. ಹಾಸಿಗೆ ಬೇರೆ ಮಾಡುತ್ತಾಳೆ. ತಟ್ಟೆ, ಲೋಟ ಬೇರೆ ಮಾಡುತ್ತಾಳೆ. ಏನೂ ಜಗಳವಿರುವುದಿಲ್ಲ. ಅಜ್ಜಿಗೆ ಕಾಲು ನೋವು ಕಣೇ, ಹತ್ರ ಹೋಗ್ಬೇಡ ಅನ್ನುತ್ತಾಳೆ, ಅಷ್ಟೇ. ಅದೂ ಒಳ್ಳೆಯ ಸುಳ್ಳೇ. ಅನಸೂಯಮ್ಮನೇ ಅದನ್ನು ಕಟ್ಟಿಕೊಟ್ಟ ಹಾಗಾಗುತ್ತದೆ.

"ನೀಳ್ಳು ಬೇಕಾಮ್ಮ?" ಎಂದಳು ವೆಂಕಟರತ್ನಮ್ಮ, ದೂರದಿಂದಲೇ ನೀರಿನ ಬಾಟಲಿಯ ಕಡೆ ಕೈ ತೋರಿಸಿ. ಬೇಕೆಂದರೆ ಏನು ಮಾಡುತ್ತಿದ್ದಳೋ. ಅನಸೂಯಮ್ಮ ಬೇಡವೆಂದು ತಲೆಯಾಡಿಸಿದಳು.

ಹನ್ನೆರಡೂವರೆಗೆ ಹೊರಗಿನ ಕೌಂಟರಿನಿಂದ ಒಂದು ದನಿ ಕೇಳಿಸಿತು. ತರಕಾರಿಯವನೊಂದಿಗೆ, ಗ್ಯಾಸಿನವನೊಂದಿಗೆ ಕೇಳಿ ಕೇಳಿ ಪರಿಚಯವಾದ ದನಿ.

"ಯಾವ ಕಿಟ್ಟು? ಆಪರೇಷನ್ನೇ ಆಗಿಲ್ವಲ್ಲ, ಕಿಟ್ಟು ಯಾರಿಗೆ ಹಾಕಿದ್ರಿ? ಅದನ್ನ ಹೊಡೆದಾಕಿ ಬಿಲ್ ಕೊಡಿ. ಬೆಂಗಳೂರಿಗೆ ಹೋಗಿ ಅಂತ ಬಾಯಲ್ಲಿ ಹೇಳಿದ್ರಲ್ಲ, ಅದನ್ನೇ ಬರೆದು ಸೀಲ್ ಹಾಕಿ ಕೊಡಿ. ಬರೆಯಲ್ವಾ? ಯಾಕ್ ಬರೆಯಲ್ಲ? ಎಕ್ಸ್‌ರೇ ಫಿಲ್ಮ್ ನಮ್ದು, ತೆಗೀರಿ ಈಚೆ."

ಹದಿನೈದು ನಿಮಿಷಕ್ಕೆ ಸ್ಟ್ರೆಚರ್ ಬಂತು.

*

ಆಂಬುಲೆನ್ಸಿನಲ್ಲಿ ಸಿದ್ಧಾರ್ಥ್ ಡ್ರೈವರ್ ಪಕ್ಕ ಕೂತ. ಹಿಂದೆ ಅತ್ತೆ ಸೊಸೆ ಇಬ್ಬರೇ. ಸರ್ಕಾರಿ ಆಸ್ಪತ್ರೆಗೆ ಎರಡು ಕಿಲೋಮೀಟರೂ ಇರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಅನಸೂಯಮ್ಮನ ತೊಡೆಯೊಳಗೆ ಗಾಜು ಮುರಿಯುತ್ತಿತ್ತು. ತನುಜಾ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಬಾಗಿಲನ್ನೇ ನೋಡುತ್ತಿದ್ದಳು.

"ಹರಿಣಿ ನಿಮ್ಮ ಕೈಲೇ ಉಣ್ಣೋದು," ಎಂದಳು ಕೊನೆಗೆ.

"ಅದ್ರಿಂದ ಏನೂ ಆಗಲ್ಲ ಕಣಮ್ಮ. ಅವಳು ಹುಟ್ಟಿದಾಗ್ಲೇ ಕೇಳ್ದೆ. ಹೋದಾಗೆಲ್ಲ ಕೇಳ್ತೀನಿ. ಎಷ್ಟು ಸಲ ಕೇಳ್ತೀರಾ ಅಂತ ಆ ಹುಡುಗ ಬೈತಾನೆ."

"ನಾನೂ ಕೇಳ್ತೀನಿ."

"ಕೇಳಮ್ಮ."

"ನೀವು ಹೇಳಿದ್ದನ್ನ ಇನ್ನು ನಾನು ಹೆಂಗೆ ನಂಬ್ಲಿ?" ಎಂದಳು ತನುಜಾ.

ಹೊರಡುವಾಗ ಅನಸೂಯಮ್ಮ ಫೋನು ಮಾಡಿಸಿದ್ದರಿಂದ ನರೇಂದ್ರ ಗೇಟಿನಲ್ಲೇ ನಿಂತಿದ್ದ. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ನಾಳೆ ಬೆಳಿಗ್ಗೆ ಮೊದಲನೇ ಕೇಸು," ಎಂದರು. ಇವತ್ತು ಊಟ ಮಾಡಬಹುದು ಎಂದರು. ಸಿದ್ಧಾರ್ಥ್ ಫಾರಂ ತುಂಬಲು ಕೂತ. ಬೇರೆ ಕಾಯಿಲೆ ಎಂಬ ಕಡೆ ಬಂದಾಗ ಪೆನ್ನು ತಡೆದು ಅಮ್ಮನನ್ನು ನೋಡಿದ. ಆಮೇಲೆ ಬರೆದ. ತನುಜಾ ನರೇಂದ್ರನನ್ನು ವರಾಂಡದ ಕೊನೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದಳು. ಅನಸೂಯಮ್ಮನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ವಾಪಸ್ ಬಂದಾಗ ಅವಳ ಮುಷ್ಟಿಯಲ್ಲಿ ಪೇಪರಿನ ಪುಟ್ಟ ಪೊಟ್ಟಣವಿತ್ತು, ಗೇಟಿನ ಟೀ ಅಂಗಡಿಯದು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದಳು. ಬೆಳಿಗ್ಗೆ ಒಂಬತ್ತಕ್ಕೆ ಮಾಡಿದ, ಸಕ್ಕರೆ ಹಾಕದ ಕಾಫಿ. ಪೊಟ್ಟಣ ಬಿಚ್ಚಿ ಪೂರ್ತಿ ಸುರಿದಳು. ಕಲಕಲು ಚಮಚ ಇರಲಿಲ್ಲ. ಮುಚ್ಚಳವನ್ನು ನಾಲ್ಕು ಸಲ ಸುತ್ತಲೂ ಆಡಿಸಿ ಕೊಟ್ಟಳು.

ಅನಸೂಯಮ್ಮ ಕುಡಿದಳು. ನಾಲಿಗೆ ಆ ರುಚಿಯನ್ನು ಗುರುತು ಹಿಡಿಯಲು ತಡವರಿಸಿತು. ಬಿಸಿ ಆರಿದ್ದ ಕಾಫಿಯಲ್ಲಿ ಸಕ್ಕರೆ ಅರ್ಧವೂ ಕರಗಿರಲಿಲ್ಲ.

ಅಷ್ಟರಲ್ಲಿ ತನುಜಾಳ ಫೋನು ಹೊಡೆದುಕೊಂಡಿತು. ಪಕ್ಕದ ಮನೆಯವರು, ಅವರ ಹಿಂದೆ ಹರಿಣಿಯ ರಾಗ ಇಲ್ಲಿಯವರೆಗೂ ಕೇಳುತ್ತಿತ್ತು. "ಅಳ್ಬೇಡ ಕಂದ. ಅಜ್ಜಿ ಇಲ್ಲೇ ಇದ್ದಾರೆ. ಇವತ್ತು ಆಂಟಿ ತಿನ್ನಿಸ್ತಾರೆ, ತಿನ್ನಮ್ಮ. ಇವತ್ತೊಂದಿನ." ಆಮೇಲೆ, "ನಾಳೆದು ನಾಳೆ ನೋಡಣ," ಎಂದು ಫೋನು ಇಟ್ಟಳು.

ಅವಳೂ ಬೆಳಗಿನಿಂದ ಏನೂ ಕುಡಿದಿರಲಿಲ್ಲ. ಅತ್ತೆಯ ಕೈಯಿಂದ ಮುಚ್ಚಳ ತೆಗೆದುಕೊಂಡಳು. ತಳದಲ್ಲಿ ಸಕ್ಕರೆ ಬೆಳ್ಳಗೆ ಕೂತಿತ್ತು. ತೊಳೆಯಲು ನಲ್ಲಿ ವರಾಂಡದ ಆಚೆ ತುದಿಯಲ್ಲಿತ್ತು. ತನುಜಾ ಒಮ್ಮೆ ಆ ಕಡೆ ನೋಡಿದಳು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಆ ಸಕ್ಕರೆಯ ಮೇಲೆಯೇ ಬಗ್ಗಿಸಿಕೊಂಡು ಕಿಟಕಿಯ ಹತ್ತಿರ ಹೋದಳು.

ಅನಸೂಯಮ್ಮ ಗೋಡೆಯ ಕಡೆ ಮುಖ ತಿರುಗಿಸಬೇಕೆಂದುಕೊಂಡಳು. ತಿರುಗಿಸಲಿಲ್ಲ.

ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ಮುಚ್ಚಳವನ್ನು ಎರಡೂ ಕೈಯಲ್ಲಿ ತುಟಿಯ ಹತ್ತಿರ ಹಿಡಿದು, ತಣ್ಣಗಾಗಿ ಎಷ್ಟೋ ಹೊತ್ತಾಗಿದ್ದ ಕಾಫಿಯನ್ನು ತನುಜಾ ಊದುತ್ತ ನಿಂತಿದ್ದಳು.